ಆರೂವರೆಯ ಅತ್ತೆ

ಇಸ್ತ್ರಿ ಅಂಗಡಿಯ ಅಮ್ಮನಿಗೆ ಕೈ ಒಂದು ಕಡೆ, ಕಣ್ಣು ಒಂದು ಕಡೆ, ಬಾಯಿ ಮತ್ತೊಂದು ಕಡೆ. ಕೈ ಮೇಜಿನ ಮೇಲಿನ ಬಟ್ಟೆಯ ಮೇಲೆ, ಕಣ್ಣು ಎದುರು ಗೋಡೆಯ ಟಿವಿಯ ಮೇಲೆ, ಬಾಯಿ ಆ ಟಿವಿಯೊಳಗೆ ಯಾರು ಸಿಕ್ಕರೆ ಅವರ ಮೇಲೆ. ಈ ಮೂರೂ ಒಂದಕ್ಕೊಂದು ಅಡ್ಡ ಬಾರದೆ ಒಳ್ಳೆಯ ಓರಗಿತ್ತಿಯರ ಹಾಗೆ ಎಷ್ಟೋ ವರ್ಷದಿಂದ ಸಂಸಾರ ಮಾಡಿಕೊಂಡು ಬಂದಿದ್ದವು.

ಅಂಗಡಿಯೆಂದರೆ ಬೀದಿಗೆ ಬಾಯಿ ತೆರೆದ ಒಂದೇ ಕೋಣೆ. ನಡುವೆ ಅಗಲದ ಮೇಜು. ಅದರ ಮೇಲೆ ಹಳೆಯ ಕಂಬಳಿಗಳ ಮಡಿಕೆ, ಕಂಬಳಿಯ ಮೇಲೊಂದು ಬಿಳಿ ಹೊದಿಕೆ. ಬಿಳಿಯೆಂದು ಕರೆಯುವುದು ರೂಢಿಯಷ್ಟೆ, ಬಿಸಿ ತಾಗಿ ತಾಗಿ ಅದು ಕಂದು ಬಣ್ಣದ ಭೂಪಟವಾಗಿತ್ತು. ಒಂದು ಗೋಡೆಗೆ ಉದ್ದದ ಸರಳು, ಅದರಲ್ಲಿ ತಲೆಯಿಲ್ಲದ ಮನುಷ್ಯರಂತೆ ಸಾಲಾಗಿ ನೇತಾಡುವ ಅಂಗಿಗಳು. ಮೂಲೆಯಲ್ಲಿ ವಸತಿಗೃಹದಿಂದ ಬಂದ ಹಾಸು ಹೊದಿಕೆಗಳ ಗಂಟು. ಆ ಟಿವಿಯೂ ಒಂದು ಕಾಲದಲ್ಲಿ ಅಂಥದೇ ಒಂದು ಗಂಟಿನ ಜೊತೆಯಲ್ಲಿ ಬಂದದ್ದು. ವಸತಿಗೃಹದವರು ಹೊಸದು ತಂದಾಗ ಹಳೆಯದನ್ನು ಅವಳಿಗೆ ದಾಟಿಸಿದ್ದರು. ಮೊದಮೊದಲು ಅದರಲ್ಲಿ ಎಲ್ಲರ ಮುಖವೂ ಹಸಿರಾಗಿ ಕಾಣುತ್ತಿತ್ತು. "ಪಾಪ, ಎಲ್ಲರಿಗೂ ಪಿತ್ತ ಏರಿದೆ ಅಂದ್ಕೊಂಡೇ ನೋಡ್ತಿದ್ದೆ" ಎಂದು ಅವಳು ಈಗಲೂ ಹೇಳುತ್ತಾಳೆ.

ಗಂಡ ಮನೆಮನೆಗೆ ಹೋಗಿ ಬಟ್ಟೆ ತಂದು, ಮಡಿಸಿ, ತಲುಪಿಸುವವನು. ಮಾತಿನಲ್ಲಿ ಬಡವ. ಹೆಂಡತಿ ಏನೆಂದರೂ 'ಹೌದು' ಎನ್ನುವುದು ಅವನ ಪದ್ಧತಿ. ಅದಕ್ಕೂ ಅವಳ ಬಳಿ ಉತ್ತರವಿತ್ತು: "ನೀವು ಹೌದು ಅಂದ್ರಾ? ಹಾಗಾದ್ರೆ ಇನ್ನೊಂದ್ಸಲ ಯೋಚನೆ ಮಾಡ್ಬೇಕು." ಮಗ ಲಿಫ್ಟು ರಿಪೇರಿಯವನು, ಹಗಲೆಲ್ಲ ಯಾವುದೋ ಕಟ್ಟಡದ ನಡುಮಹಡಿಯಲ್ಲಿ ಸಿಕ್ಕಿಕೊಂಡಿರುವವನು.

ಪ್ಯಾಂಟಿಗೆ ಇಸ್ತ್ರಿ ಹಾಕುವವರೆಲ್ಲರಿಗೂ ಒಂದು ವಿಷಯ ಗೊತ್ತು. ಮನಸ್ಸು ಕೈ ಬಿಟ್ಟು ಹೋದರೆ ಹಳೆಯ ಗೆರೆಯ ಪಕ್ಕದಲ್ಲೇ ಹೊಸದೊಂದು ಗೆರೆ ಬಂದು ಕೂರುತ್ತದೆ, ಒಂದು ಕಾಲಿಗೆ ಎರಡು ಗೆರೆ. ಅಮ್ಮನ ಕೈ ಎಂಥ ಪಳಗಿದ ಕೈಯೆಂದರೆ ಸಾಧಾರಣ ಸಿನಿಮಾ ಬಂದರೆ ಅದು ಕದಲುತ್ತಿರಲಿಲ್ಲ. ನಾಯಕ ಹತ್ತು ಜನರನ್ನು ಹೊಡೆದರೂ ಗೆರೆ ಒಂದೇ, ನಾಯಕಿ ಬೆಟ್ಟದಿಂದ ಬಿದ್ದರೂ ಗೆರೆ ಒಂದೇ. ಎಂದೋ ಒಮ್ಮೆ ನಿಜವಾಗಿ ಒಳ್ಳೆಯದು ಬಂದಾಗ ಮಾತ್ರ ಎರಡು ಗೆರೆ ಬೀಳುತ್ತಿತ್ತು. ಅದು ಬೀಳುತ್ತಿದ್ದದ್ದೂ ಹೆಚ್ಚಾಗಿ ಎದುರಿನ ಬ್ಯಾಂಕಿನ ಕಾವಲುಗಾರನ ಪ್ಯಾಂಟಿನ ಮೇಲೆ, ಏಕೆಂದರೆ ಅವನ ಸಮವಸ್ತ್ರ ಸಂಜೆಯ ಹೊತ್ತಿಗೆ ಮೇಜಿಗೆ ಬರುತ್ತಿತ್ತು. ಮರುದಿನ ಅವನು ಬ್ಯಾಂಕಿನ ಬಾಗಿಲಲ್ಲಿ ಕಂಬದಂತೆ ನಿಂತಿದ್ದರೆ ಬೀದಿಯವರು ಮುಖ ನೋಡದೆ ಕಾಲು ನೋಡಿ ಹೋಗುತ್ತಿದ್ದರು. "ಓಹೋ, ಎರಡು ಗೆರೆ! ನಿನ್ನೆ ಯಾವುದು ಬಂದಿತ್ತು?" ಎಂದು ವಿಚಾರಿಸಿಕೊಂಡು ಮನೆಯಲ್ಲಿ ಅದನ್ನೇ ಹಾಕಿಕೊಂಡು ನೋಡುತ್ತಿದ್ದರು. ಪತ್ರಿಕೆಯವರು ಕೊಡುವ ನಕ್ಷತ್ರಗಳಿಗಿಂತ ಆ ಕಾಲುಗಳ ಮೇಲೆ ಅವರಿಗೆ ನಂಬಿಕೆ.

ಬಾಯಿಯದು ಬೇರೆಯೇ ಲೆಕ್ಕ. ಅದಕ್ಕೆ ರಜವಿಲ್ಲ. ಪಕ್ಕದ ಮಳಿಗೆಯ ಗಡಿಯಾರ ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕುತ್ತಿಗೆ ಚಾಚಿ ಅವಳ ಟಿವಿ ನೋಡುತ್ತಿದ್ದ. ನೋಡುವುದಕ್ಕಿಂತ ಕೇಳುವುದು ಹೆಚ್ಚು.

"ಅಕ್ಕ, ಈ ಪತ್ತೇದಾರನದು ಹೇಗೆ?"

"ಕಿಟಕಿ ಹತ್ರ ನಿಂತು ದೂರ ನೋಡ್ದ ಅಂದ್ರೆ ಕೊಲೆಗಾರ ಸಿಕ್ಕಿದ ಅಂತಲೇ ಅರ್ಥ. ಕಿಟಕಿ ಇಲ್ದಿರೋ ಮನೇಲಿ ಕೊಲೆ ಆದ್ರೆ ಏನು ಮಾಡ್ತಾನೋ ಪಾಪ."

ದೆವ್ವದ ಸಿನಿಮಾ ಬಂದರೆ, "ಸತ್ತ ಮೇಲೂ ಬಾಗಿಲು ತೆಗೆಯೋದು, ಮುಚ್ಚೋದೇ ಕೆಲಸ ಅಂದ್ರೆ ಸಾಯೋದಾದ್ರೂ ಯಾಕೆ? ಬ್ಯಾಂಕಿಗೆ ಸೇರ್ಕೋಬಹುದಿತ್ತು." ಕಾವಲುಗಾರ ಎಲ್ಲರ ಜೊತೆ ನಕ್ಕು, ಆಮೇಲೆ ಯಾಕೆ ನಕ್ಕೆನೆಂದು ಯೋಚಿಸುತ್ತಿದ್ದ.

ಅಡುಗೆ ಸ್ಪರ್ಧೆಯ ತೀರ್ಪುಗಾರ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರೆ, "ನಮ್ಮನೆಯವರು ಇಷ್ಟು ವರ್ಷ ನನ್ನ ಕೈಯಡುಗೆ ತಿಂದಿದ್ದಾರೆ. ಕಣ್ಣು ಮುಚ್ಚಿದ್ದು ನಿದ್ದೆ ಬಂದಾಗ ಮಾತ್ರ." ಹಾಡಿನ ಸ್ಪರ್ಧೆಯಲ್ಲಿ ಪ್ರತಿ ಹಾಡಿಗೂ ಅಳುವ ಹೆಂಗಸನ್ನು ಕಂಡರೆ, "ಈಯಮ್ಮನ್ನ ಮೊದ್ಲು ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ರಪ್ಪ, ಎಲ್ಲೋ ಸೋರ್ತಿದೆ." ಅವಳು ಮನಸಾರೆ ಮೆಚ್ಚಿದ ನಟನೆಂದರೆ ಪ್ರಾಣಿಗಳ ಕಾರ್ಯಕ್ರಮದ ಒಂದು ಮೊಸಳೆ. "ನಟನೆ ಅಂದ್ರೆ ಇದು. ಇಷ್ಟು ಹೊತ್ತಾಯ್ತು, ಅಲ್ಲಾಡಿಲ್ಲ. ಆದ್ರೂ ನಾವೆಲ್ಲ ಅದನ್ನೇ ನೋಡ್ತಿದ್ದೀವಿ. ನಮ್ಮ ಹೀರೋನ ಒಂದು ನಿಮಿಷ ಸುಮ್ನೆ ಕೂರಿಸಿ ನೋಡೋಣ!" ಆ ಮೊಸಳೆಗೆ ಕಾವಲುಗಾರನ ಎರಡೂ ಕಾಲಿನಲ್ಲಿ ಎರಡೆರಡು ಗೆರೆ ಬಿದ್ದಿದ್ದವು.

ಥಿಯೇಟರಿಗೆ ಹೋದರೂ ಹೀಗೆಯೇ. ಒಮ್ಮೆ ಮುಂದಿನ ಸಾಲಿನವನು ತಿರುಗಿ, "ಅಮ್ಮ, ಸ್ವಲ್ಪ ಸುಮ್ನಿರ್ತೀರಾ?" ಎಂದ. ಅವಳು ತೆರೆಯ ಕಡೆ ಬೆರಳು ಮಾಡಿ, "ಮೊದ್ಲು ಅವನು ಸುಮ್ನಿರಲಿ. ಆಗ್ಲಿಂದ ಪ್ರೀತಿಸ್ತೀನಿ ಪ್ರೀತಿಸ್ತೀನಿ ಅಂತ ಒದರ್ತಿದ್ದಾನೆ, ಆ ಹುಡುಗಿಗೇನು ಕಿವಿ ಕೇಳ್ಸಲ್ವಾ?" ಎಂದಳು. ಮಧ್ಯಂತರದಲ್ಲಿ ಅದೇ ಮನುಷ್ಯ ಜಾಗ ಬದಲಾಯಿಸಿಕೊಂಡು ಅವಳ ಹಿಂದಿನ ಸಾಲಿಗೆ ಬಂದು ಕೂತ. ಅಲ್ಲಿಂದ ಚೆನ್ನಾಗಿ ಕೇಳಿಸುತ್ತಿತ್ತು.

ಆದರೆ ಅವಳ ನಾಲಗೆಯ ಪೂರ್ತಿ ಬಿಸಿ ತಾಗುತ್ತಿದ್ದದ್ದು ಸಂಜೆಯ ಆರೂವರೆಯ ಧಾರಾವಾಹಿಗೆ. ಅದಕ್ಕೊಂದು ಹೆಸರಿತ್ತು, ಬೀದಿಯವರ ಬಾಯಲ್ಲಿ ಮಾತ್ರ ಅದು 'ಆರೂವರೆ'. ಅದರಲ್ಲಿ ಒಬ್ಬಳು ಶ್ರೀಮಂತ ಅತ್ತೆ, ಕೆಟ್ಟವಳು. ಅವಳು ದಿನಕ್ಕೊಮ್ಮೆ ಕಣ್ಣರಳಿಸಿ ಸೊಸೆಗೆ, "ನಿನ್ನನ್ನು ಸುಮ್ಮನೆ ಬಿಡುವುದಿಲ್ಲ!" ಎನ್ನುತ್ತಿದ್ದಳು. ಕೂಡಲೇ ಮನೆಯ ಉಳಿದವರೆಲ್ಲ ಒಬ್ಬೊಬ್ಬರಾಗಿ ಬೆಚ್ಚಿಬೀಳುತ್ತಿದ್ದರು.

"ನೋಡು, ಬೆಚ್ಚಿಬೀಳೋಕೂ ಸಾಲು ಹಚ್ಚಿದ್ದಾರೆ" ಎನ್ನುವಳು ಅಮ್ಮ. "ಬಿಡಲ್ಲ ಬಿಡಲ್ಲ ಅಂತಾಳಲ್ಲ, ಹಿಡಿದಿದ್ದಾದ್ರೂ ಯಾವಾಗ? ಕೆಟ್ಟೋಳಾಗೋಕೂ ಸ್ವಲ್ಪ ಬುದ್ಧಿ ಬೇಕು ಕಣ್ರೀ. ಈ ಮಾತು ಬರೆಯೋನು ಯಾವನೋ, ಅವನನ್ನ ಕರ್ಕೊಂಡು ಬನ್ನಿ. ಅವನ ಕೈ ಈ ಮೇಜಿನ ಮೇಲಿಡಿಸಿ ಒಂದು ಸಲ ಬಿಸಿ ಮುಟ್ಟಿಸ್ತೀನಿ!"

ಆ ಮಾತು ಬರೆಯುವವರು ಆ ಹೊತ್ತಿಗೆ ಅಲ್ಲೇ, ಅವಳ ಬೆನ್ನ ಹಿಂದೆ, ಹಾಸು ಹೊದಿಕೆಯ ಗಂಟಿನ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದರು. ಅದು ಅವಳ ಸೊಸೆ.

ಸೊಸೆ ಮನೆಗೆ ಬಂದು ಒಂದು ವರ್ಷವಾಗಿತ್ತು. ಮೆತ್ತಗಿನ ಹುಡುಗಿ. ಕಾಲು ತುಳಿದವರನ್ನೇ "ನೋವಾಯ್ತಾ?" ಎಂದು ಕೇಳುವ ಜಾತಿ. ದಿನಾ ಬೆಳಗ್ಗೆ ಆಫೀಸಿಗೆ ಹೋಗಿ ಕಂಪ್ಯೂಟರಿನಲ್ಲಿ ಟೈಪು ಮಾಡಿ ಬರುತ್ತಾಳೆ ಎಂದಷ್ಟೇ ಅತ್ತೆಗೆ ಗೊತ್ತು. ಟೈಪು ಮಾಡುವುದು ಆರೂವರೆಯ ಸಂಭಾಷಣೆಯನ್ನು ಎಂಬುದು ಗೊತ್ತಿಲ್ಲ. ಮದುವೆಯಾದ ಹೊಸದರಲ್ಲೇ ಆ ಕೆಲಸ ಸಿಕ್ಕ ದಿನ ಅವಳು ಕುಣಿಯುವಂತೆ ನಡೆದುಕೊಂಡು ಅಂಗಡಿಗೆ ಬಂದಿದ್ದಳು, ಅತ್ತೆಗೇ ಮೊದಲು ಹೇಳೋಣವೆಂದು. ಹೊಸ್ತಿಲು ದಾಟುವಾಗ ಕಿವಿಗೆ ಬಿದ್ದದ್ದು ಬಿಸಿ ಮುಟ್ಟಿಸುವ ಮಾತು. ಬಾಯಿಗೆ ಬಂದದ್ದನ್ನು ಗುಳಿಗೆಯಂತೆ ನುಂಗಿ, "ಟೀ ಮಾಡ್ಲಾ ಅತ್ತೆ?" ಎಂದಳು. ರಾತ್ರಿ ಗಂಡನಿಗೆ ಹೇಳಿದಳು. ಅವನು ಅಪ್ಪನಿಗೆ ಹೇಳಿದ. ಅಪ್ಪ ಎಂದಿನಂತೆ "ಹೌದಾ" ಎಂದು ಸುಮ್ಮನಾದ. ಇಡೀ ಮನೆಗೆ ಗೊತ್ತಿದ್ದದ್ದು ಮನೆಯ ಯಜಮಾನಿಗೆ ಮಾತ್ರ ಗೊತ್ತಾಗಲಿಲ್ಲ.

ಪರದೆಯ ಮೇಲೆ ಹೆಸರು ಬರುವುದಿಲ್ಲವೇ ಎಂದರೆ, ದಿನಾ ಬರುತ್ತಿತ್ತು. ಆದರೆ ಹೆಸರು ಓಡುವ ಹೊತ್ತು ಅಮ್ಮನಿಗೆ ನೀರು ಚಿಮುಕಿಸುವ ಹೊತ್ತು. ಟಿವಿಗೆ ಬೆನ್ನು ಹಾಕಿ, ಬೋಗುಣಿಯಲ್ಲಿ ಬೆರಳದ್ದಿ, ಮುಂದಿನ ಸರದಿಯ ಬಟ್ಟೆಗೆಲ್ಲ ನೀರು ಚಿಮುಕಿಸಿ ಸುತ್ತಿಡುವಳು. "ಹೆಸರು ಓದಿ ನನಗೇನಾಗ್ಬೇಕು? ಮಾಡಿದೋರಿಗೆ ಅವರವರ ಹೆಸರು ಗೊತ್ತಿರುತ್ತೆ" ಎನ್ನುವುದು ಅವಳ ನ್ಯಾಯ.

ಹೀಗಿರುವಾಗ ಆಫೀಸಿನಲ್ಲಿ ನಿರ್ದೇಶಕ ಸೊಸೆಯನ್ನು ಕರೆದು ಗದರಿದ. ಕೆಟ್ಟ ಅತ್ತೆಯನ್ನು ಕಂಡರೆ ಯಾರಿಗೂ ಹೆದರಿಕೆಯೂ ಇಲ್ಲ, ಸಿಟ್ಟೂ ಇಲ್ಲ, ಜನ ಬೇರೆ ಚಾನಲ್ಲಿಗೆ ಹೋಗುತ್ತಿದ್ದಾರೆ, ಮಾತಿಗೆ ಖಾರ ಬರದಿದ್ದರೆ ಬೇರೆಯವರಿಂದ ಬರೆಸುತ್ತೇನೆ ಎಂದ. ಆ ಬೆಳಗ್ಗೆಯೇ ಮನೆಯಲ್ಲಿ ಅವಳು ಕಸ ಗುಡಿಸಿದ್ದನ್ನು ನೋಡಿ ಅತ್ತೆ ಹೇಳಿದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ. ಕೂತವಳೇ ಅದನ್ನು ಟೈಪು ಮಾಡಿಬಿಟ್ಟಳು.

ಕೆಲವು ದಿನ ಕಳೆದು ಆರೂವರೆಯಲ್ಲಿ ಶ್ರೀಮಂತ ಅತ್ತೆ ಕಣ್ಣರಳಿಸಲಿಲ್ಲ. ನೆಲವನ್ನೊಮ್ಮೆ ನೋಡಿ, ಸೊಸೆಯನ್ನೊಮ್ಮೆ ನೋಡಿ, ತಣ್ಣಗೆ ಹೇಳಿದಳು: "ಗುಡಿಸಿದ್ದೀಯ ಅಂತ ಕಸಕ್ಕೂ ಗೊತ್ತಾಗ್ಲಿಲ್ಲ ನೋಡು."

"ಶಹಬ್ಬಾಸ್!" ಇಸ್ತ್ರಿ ಅಮ್ಮ ಮೇಜು ಕುಟ್ಟಿದಳು. "ಇವತ್ತು ಬಾಯಿ ಬಂತು ನೋಡಿ ಇವಳಿಗೆ! ಹೀಗಿರ್ಬೇಕು ಮಾತು. ನೆತ್ತರು ಬರಬಾರದು, ಉರಿ ಮಾತ್ರ ಹತ್ತಬೇಕು."

ಗಡಿಯಾರದವನು ಭೂತಗನ್ನಡಿ ತೆಗೆದು ಅವಳನ್ನೇ ನೋಡಿದ. ಅಂಗಡಿಯಲ್ಲಿ ಬಟ್ಟೆಗೆ ಕಾದಿದ್ದವರೂ ನೋಡಿದರು. ಧಾಟಿ ಅವಳದೇ. ಸೊಸೆ ಸೂಜಿಯನ್ನು ಬಟ್ಟೆ ಬಿಟ್ಟು ಬೆರಳಿಗೇ ಚುಚ್ಚಿಕೊಂಡಳು.

"ಈ ಮಾತು... ಎಲ್ಲೋ ಕೇಳಿದ ಹಾಗಿದೆ" ಎಂದ ಅಮ್ಮನ ಗಂಡ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ.

"ಒಳ್ಳೆ ಮಾತು ನಾಲ್ಕು ಕಡೆ ಇರುತ್ತೆ ಕಣ್ರೀ. ಕೇಳೋ ಕಿವಿ ಇರ್ಬೇಕು ಅಷ್ಟೆ."

ಮರುದಿನ ಬ್ಯಾಂಕಿನ ಬಾಗಿಲಲ್ಲಿ ಎರಡು ಗೆರೆ. ಆರೂವರೆಗೆ ಎರಡು ಗೆರೆಯೆಂದು ಬೀದಿಗೆ ಬೀದಿಯೇ ಬೆರಗಾಯಿತು. ತನ್ನ ಬೆನ್ನು ತನಗೆ ಕಾಣದು ಎಂಬಂತೆ ಅವಳೊಬ್ಬಳಿಗೆ ಮಾತ್ರ ಬೆರಗಿನ ಕಾರಣ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಆರೂವರೆಯ ಅತ್ತೆ ದಿನಕ್ಕೊಂದು ಮುತ್ತು ಉದುರಿಸತೊಡಗಿದಳು. ತಡವಾಗಿ ಬಂದ ಮಗನಿಗೆ, "ಬಂದ್ಯಾ? ಇರು, ಯಾರು ಅಂತ ಜ್ಞಾಪಿಸ್ಕೋತೀನಿ." ಹೌದಪ್ಪನಾದ ಗಂಡನಿಗೆ, "ಹಾಗಾದ್ರೆ ಇನ್ನೊಂದ್ಸಲ ಯೋಚನೆ ಮಾಡ್ಬೇಕು." ಇಸ್ತ್ರಿ ಅಮ್ಮ ತಲೆದೂಗಿದ್ದೇ ತಲೆದೂಗಿದ್ದು. "ನನ್ನ ಮನಸ್ಸಲ್ಲಿರೋದೇ ಹೇಳ್ತಾಳೆ ಕಣೋ ಇವಳು" ಎಂದು ಗಡಿಯಾರದವನ ಮುಂದೆ ಹೊಗಳಿದಳು. ಅವನು ಕೆಮ್ಮು ಬಂದವನಂತೆ ಬಾಯಿಗೆ ಕೈ ಅಡ್ಡ ಹಿಡಿದ.

ಜನ ಮತ್ತೆ ಆರೂವರೆಗೆ ಬಂದರು. ಆಫೀಸಿನವರು ಖುಷಿಯಾಗಿ ಸೊಸೆಗೆ ಬಹುಮಾನ ಕೊಟ್ಟರು. ಅತ್ತೆಯ ಮಾತಿನಿಂದ ಬಂದದ್ದು ಅತ್ತೆಗೇ ಸೇರಲಿ ಎಂಬ ಒಳ್ಳೆಯ ಮನಸ್ಸಿನಿಂದ ಅವಳು ಒಂದು ಹೊಸ ಇಸ್ತ್ರಿ ಪೆಟ್ಟಿಗೆ ತಂದಳು. ಹೊಟ್ಟೆಯಲ್ಲೇ ನೀರಿಟ್ಟುಕೊಂಡು ಹಬೆ ಬಿಡುವ ಪೆಟ್ಟಿಗೆ. ಬಟ್ಟೆಗೆ ನೀರು ಚಿಮುಕಿಸುವ ಗೋಜೇ ಇಲ್ಲ.

ಆ ಸಂಜೆ ಆರೂವರೆಗೆ ಟಿವಿ ಹಾಡತೊಡಗಿದಾಗ ಅಮ್ಮ ಅಭ್ಯಾಸಬಲದಿಂದ ಬೋಗುಣಿಗೆ ಕೈ ಹಾಕಿದಳು. ಬೋಗುಣಿ ಒಣಗಿತ್ತು. ಮಾಡಲು ಕೆಲಸವಿಲ್ಲದೆ ಸೊಂಟಕ್ಕೆ ಕೈಯಿಟ್ಟುಕೊಂಡು, ಅಷ್ಟು ಕಾಲದಲ್ಲಿ ಮೊದಲ ಬಾರಿಗೆ, ಹೆಸರುಗಳನ್ನು ಓದತೊಡಗಿದಳು. ಅವಳದು ಅಕ್ಷರ ಕೂಡಿಸಿ ಓದುವ ಓದು, ಅರ್ಧ ಹೆಸರು ಮುಗಿಯುವುದರಲ್ಲಿ ಮುಂದಿನದು ಬರುತ್ತಿತ್ತು. ಆದರೆ 'ಸಂಭಾಷಣೆ' ಎಂದು ಬಂದು ಅದರ ಕೆಳಗೆ ನಿಂತ ಹೆಸರನ್ನು ಕೂಡಿಸಬೇಕಾಗಿರಲಿಲ್ಲ. ಸೊಸೆಯ ಹೆಸರು, ಅದಕ್ಕಂಟಿಕೊಂಡು ಮಗನ ಹೆಸರು.

ಒಂದು ಉಸಿರಿನಷ್ಟು ಹೊತ್ತು ಅವಳ ಎದೆ ಹಿಗ್ಗಿ ಸೂರು ಮುಟ್ಟಿತು. ನಮ್ಮ ಹುಡುಗಿ! ಟಿವಿಯಲ್ಲಿ! ಎರಡನೆಯ ಉಸಿರಿಗೆ, ಬೆನ್ನ ಹಿಂದಿನ ಗಂಟಿನ ಮೇಲೆ ಕೂತಿದ್ದವಳ ಎದುರು ವರ್ಷವೆಲ್ಲ ತಾನು ಆಡಿದ್ದು ನೆನಪಾಯಿತು. ಕೈ ಮೇಜಿನ ಮೇಲಿಡಿಸಿ ಬಿಸಿ ಮುಟ್ಟಿಸುತ್ತೇನೆ ಎಂದದ್ದು. ಮೂರನೆಯ ಉಸಿರು ಎಳೆದುಕೊಳ್ಳುವುದರೊಳಗೆ ಕತೆ ಶುರುವಾಗಿ ಶ್ರೀಮಂತ ಅತ್ತೆ ಪರದೆಯ ಮೇಲೆ ಬಂದು, ದೀಪ ಆರಿಸದೆ ಹೊರಟ ಸೊಸೆಗೆ ಹೇಳಿದಳು: "ಉರೀಲಿ ಬಿಡಮ್ಮ, ಕತ್ತಲಲ್ಲಿ ಒಂದೇ ಇದ್ರೆ ಗೋಡೆಗೆ ಭಯ ಆಗುತ್ತೆ."

ಇದನ್ನು ಇಸ್ತ್ರಿ ಅಮ್ಮ ಹೇಳಿದ್ದು ಮೊನ್ನೆ ಮೊನ್ನೆ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಅವಳು ತಿರುಗಿ ನೋಡಿದಳು. ಗಡಿಯಾರದವನು ಗಡಿಯಾರ ನೋಡುತ್ತಿದ್ದ. ಕಾವಲುಗಾರ ತನ್ನ ಕಾಲು ನೋಡುತ್ತಿದ್ದ. ಎಲ್ಲರಿಗೂ ಗೊತ್ತು. ಊರಿಗೆಲ್ಲ ಕನ್ನಡಿ ಹಿಡಿದವಳಿಗೆ ಯಾರೋ ಹಿಂದಿನಿಂದ ಬಂದು ಕನ್ನಡಿ ತಿರುಗಿಸಿ ಹಿಡಿದಂತಾಯಿತು. ಆ ಮನೆಹಾಳು ಅತ್ತೆ, ಆ ಕೆಟ್ಟವಳು, ತಾನು.

ಅಂದಿನಿಂದ ಅವಳ ಬಾಯಿಗೆ ಬೀಗ ಬಿತ್ತು.

ಮನೆಯಲ್ಲಿ 'ಹೂಂ', 'ಊಹೂಂ', ಅಂಗಡಿಯಲ್ಲಿ ಅದೂ ಇಲ್ಲ. ಬೆಳಗ್ಗೆ ಬಾಯಿಂದ ಬಿದ್ದದ್ದು ಸೊಸೆಯ ಕೈಗೆ, ಅಲ್ಲಿಂದ ಊರಿನ ಕಿವಿಗೆ ಎಂದ ಮೇಲೆ ಯಾಕೆ ಬೀಳಿಸಬೇಕು? ಅದು ಹೊರಗಿನ ಕಾರಣ. ಒಳಗೊಂದು ಮುಳ್ಳು ಬೇರೆಯೇ ಇತ್ತು. ತಾನು ತಮಾಷೆಯೆಂದುಕೊಂಡು ಎಸೆದದ್ದೆಲ್ಲ ಆ ಮೆತ್ತಗಿನ ಹುಡುಗಿಗೆ ಕೆಂಡವಾಗಿ ತಾಗಿತ್ತೇ? ಕೇಳೋಣವೆಂದರೆ ಬಾಯಿ ತೆರೆಯಬೇಕು. ತೆರೆದರೆ ಏನು ಹೊರಗೆ ಬೀಳುತ್ತದೋ ಅವಳಿಗೇ ಭರವಸೆಯಿಲ್ಲ.

ಟಿವಿಯಲ್ಲಿ ದೆವ್ವಗಳು ಬಾಗಿಲು ತೆಗೆದವು, ಮುಚ್ಚಿದವು. ಪತ್ತೇದಾರ ಕಿಟಕಿಯ ಬಳಿ ನಿಂತ. ಅವಳು ಅಂಗಿಯ ತೋಳು ತಿರುವಿ ಹಾಕಿದಳು, ಅಷ್ಟೆ. "ಅಕ್ಕ, ನೀವು ಬೈದೇ ಇದ್ರೆ ಏನೂ ಅರ್ಥವೇ ಆಗ್ತಿಲ್ಲ" ಎಂದು ಗಡಿಯಾರದವನು ಅಂಗಲಾಚಿದ. ಅವಳು ಕಾಲರಿನ ತುದಿ ಒತ್ತಿದಳು.

ಮನೆಯಲ್ಲಿ ಸೊಸೆ ಗಾಬರಿಯಾದಳು. ಪರೀಕ್ಷೆಗೆಂದು ಒಂದು ದಿನ ಬೇಕೆಂದೇ ಅಡುಗೆಗೆ ಉಪ್ಪು ಹಾಕಲಿಲ್ಲ. ಎಲ್ಲರೂ ಕೂತರು. ಮಾವ ಒಂದು ತುತ್ತು ತಿಂದು ಹೆಂಡತಿಯ ಮುಖ ನೋಡಿದ. ಮಗ ಒಂದು ತುತ್ತು ತಿಂದು ಅಮ್ಮನ ಮುಖ ನೋಡಿದ. ಅವಳು ತಲೆ ತಗ್ಗಿಸಿ ತಟ್ಟೆ ಖಾಲಿ ಮಾಡಿ ಎದ್ದಳು.

"ಅಮ್ಮ, ಉಪ್ಪಿರಲಿಲ್ಲ" ಎಂದ ಮಗ.

"ಹೂಂ."

ಅವನು ಹೆಂಡತಿಯ ಕಡೆ ಬಾಗಿ ಪಿಸುಗುಟ್ಟಿದ: "ಡಾಕ್ಟರನ್ನ ಕರೀಲಾ?"

ಅತ್ತ ಆರೂವರೆಯೂ ಸಪ್ಪೆಯಾಯಿತು. ಕೇಳಿ ಬರೆಯಲು ಮಾತಿಲ್ಲದೆ ಶ್ರೀಮಂತ ಅತ್ತೆ ಮತ್ತೆ ಕಣ್ಣರಳಿಸಿ "ಸುಮ್ಮನೆ ಬಿಡುವುದಿಲ್ಲ" ಎಂಬಲ್ಲಿಗೆ ಬಂದು ನಿಂತಳು. ಇಸ್ತ್ರಿ ಅಮ್ಮ ಅದನ್ನು ನೋಡುವಾಗ ತುಟಿ ಕಚ್ಚಿ ಹಿಡಿದುಕೊಂಡಿದ್ದಳು. ಬಿಸಿತುಪ್ಪ ಉಗುಳಲೂ ಆಗದು, ನುಂಗಲೂ ಆಗದು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸೊಸೆ ಬಂದಳು. ಆಫೀಸಿಗೆ ಹೋಗಿರಲಿಲ್ಲ. ಗಂಟಿನ ಮೇಲೆ ಕೂರದೆ ಮೇಜಿನ ಎದುರಿಗೇ ಬಂದು ನಿಂತಳು.

"ಅತ್ತೆ, ಬೈದ್ಬಿಡಿ."

ಅಮ್ಮ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಬಹಳ ದಿನದ ಮೇಲೆ ಗಂಟಲಿಂದ ಹೊರಟದ್ದು ತುಕ್ಕು ಹಿಡಿದ ದನಿ. "ಬೈದ್ರೆ ನಾಳೆ ಟಿವೀಲಿ ಬರುತ್ತೆ."

"ಬರಲ್ಲ. ಆಣೆಗೂ ಬರಲ್ಲ."

"ಯಾಕೆ? ಅಷ್ಟು ಚೆನ್ನಾಗಿರಲ್ವಾ?"

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಕದ್ದಿದ್ದು ತಪ್ಪು ಅತ್ತೆ. ಆದ್ರೆ ನೀವು? ವರ್ಷ ಪೂರ್ತಿ ನನ್ನ ಎದುರಿಗೇ ನನ್ನ ಬೈದಿರಲ್ಲ!"

"ನಾನು ಬೈದಿದ್ದು ಬರೆಯೋನ್ನ. ಅದು ನೀನು ಅಂತ ನನಗೇನು ಕನಸು ಬಿದ್ದಿತ್ತಾ?"

"ಗೊತ್ತಿದ್ರೆ ಬೈತಿರ್ಲಿಲ್ವಾ?"

ಸುಳ್ಳು ಹೇಳಿ ಅಮ್ಮನಿಗೆ ಅಭ್ಯಾಸವಿರಲಿಲ್ಲ, ಮೊಸಳೆಯನ್ನು ಹೊಗಳುವಾಗಲೂ ಹೇಳಿದವಳಲ್ಲ. "ಬೈತಿದ್ದೆ" ಎಂದಳು. "ಸ್ವಲ್ಪ ಮೆಲ್ಲಗೆ ಬೈತಿದ್ದೆ."

ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು. ಅಮ್ಮ ಕಂಬಳಿಯ ಸುಕ್ಕನ್ನು ಅಂಗೈಯಿಂದ ತೀಡುತ್ತ, ಮುಖ ಎತ್ತದೆ ಕೇಳಿದಳು: "ನಾನು ನಿನಗೆ ಅವಳ ಹಾಗೆ ಕಾಣ್ತೀನಾ? ನಿಜ ಹೇಳು. ನನಗೂ ನಿಜ ಕೇಳೋಕೆ ಬರುತ್ತೋ ಇಲ್ವೋ ನೋಡೋಣ."

"ಮೊದಮೊದ್ಲು ಕಾಣ್ತಿದ್ರಿ" ಎಂದಳು ಸೊಸೆ.

ಅದು ತಾಗಿತು. ಅಮ್ಮನ ಅಂಗೈ ಕಂಬಳಿಯ ಮೇಲೆ ನಿಂತುಬಿಟ್ಟಿತು.

"ಆ ಕಸದ ಮಾತಿಗೆ ಬಚ್ಚಲಿಗೆ ಹೋಗಿ ಅತ್ತಿದ್ದೆ ಅತ್ತೆ. ಸಿಟ್ಟಲ್ಲೇ ಟೈಪು ಮಾಡಿದ್ದು. ಆಮೇಲೆ ದಿನಾ ನೀವು ಹೇಳಿದ್ದನ್ನ ನೆನಪು ಮಾಡ್ಕೊಂಡು ಬರೀತಾ ಬರೀತಾ ನಗು ಬರೋಕೆ ಶುರುವಾಯ್ತು. ಆಫೀಸಲ್ಲಿ ಒಬ್ಬಳೇ ನಗ್ತಿದ್ದೆ. ನಗಿಸೋರ ಮೇಲೆ ಎಷ್ಟು ದಿನ ಅಂತ ಸಿಟ್ಟಿರೋಕಾಗುತ್ತೆ? ಬೆಳಗ್ಗೆ ಏಳೋದೇ ಇವತ್ತು ಅತ್ತೆ ಏನಂತಾರೋ ಕೇಳೋಣ ಅಂತ. ಈಗ ನೀವು ಸುಮ್ನಿದ್ರೆ ಮನೇಲಿ ಯಾರೋ ಹೋಗಿಬಿಟ್ಟ ಹಾಗಿದೆ."

ಅಮ್ಮ ಭುಜಕ್ಕೇ ಮೂಗು ಒರೆಸಿಕೊಂಡು ಗದರಿದಳು. "ಆಯ್ತು ಆಯ್ತು. ನಾನಿನ್ನೂ ಇದ್ದೀನಿ. ಇವತ್ತು ಆಫೀಸಿಗೆ ಯಾಕೆ ಹೋಗ್ಲಿಲ್ಲ?"

ಸೊಸೆ ಹೇಳಿದಳು. ಕತೆಯಲ್ಲಿ ದೊಡ್ಡ ಘಟ್ಟ ಬಂದಿದೆ. ಶ್ರೀಮಂತ ಅತ್ತೆಗೆ ತನ್ನ ತಪ್ಪು ತಿಳಿದು ಸೊಸೆಯ ಕ್ಷಮೆ ಕೇಳಬೇಕು. ನಾಳೆಗೆ ಬರೆದು ಕೊಡಬೇಕು. ಚೆನ್ನಾಗಿ ಬಾರದಿದ್ದರೆ ಬೇರೆಯವರು ಬರೆಯುತ್ತಾರೆ. ನಿರ್ದೇಶಕನ ಪ್ರಕಾರ ಹೊರಗೆ ಗುಡುಗು, ಮಳೆ, ಒಳಗೆ ಅತ್ತೆ ಸೊಸೆಯ ಕಾಲಿಗೆ ಬಿದ್ದು ಹೊರಳಾಡಿ ಅಳುತ್ತಾಳೆ.

ಬೀಗ ಹಾಕಿದ್ದ ಬಾಯಿಗೆ ಅಷ್ಟು ಸಾಕಾಯಿತು.

"ಕಾಲಿಗೆ ಬೀಳ್ತಾಳಾ? ಆ ವಯಸ್ಸಿಗೆ? ಬಿದ್ದೋಳನ್ನ ಎಬ್ಬಿಸೋರು ಯಾರು, ನಿರ್ದೇಶಕ ಬರ್ತಾನಾ? ಇಷ್ಟು ದಿನ ಉರಿದೋಳು ಒಂದೇ ಸಂಜೆಗೆ ಹೊರಳಾಡಿದ್ರೆ ಅದು ಕ್ಷಮೆ ಅಲ್ಲ ಕಣೇ, ಹೊಟ್ಟೆನೋವು!"

"ಮತ್ತೆ ಏನು ಮಾಡ್ತಾಳೆ?"

"ಏನೂ ಮಾಡಲ್ಲ."

"ಏನೂ ಮಾಡದೇ ಇದ್ರೆ ಹೇಗೆ ಅತ್ತೆ? ಇಡೀ ಕಂತು ಇದೆ!"

"ಕೇಳು ಇಲ್ಲಿ. ಕ್ಷಮೆ ಕೇಳೋಕೆ ಬರದೇ ಇರೋಳು ಹೇಗೆ ಕೇಳ್ತಾಳೆ? ತಟ್ಟೆ ಹಾಕ್ತಾಳೆ. ದಿನಾ ಸೊಸೆ ಹಾಕೋ ತಟ್ಟೆ ಇವತ್ತು ಇವಳು ಹಾಕ್ತಾಳೆ. ಸೊಸೆ ಮೂಲೇಲಿ ಕೂತಿರ್ತಾಳೆ ಮುಖ ಊದಿಸ್ಕೊಂಡು. ಇವಳು ಬಾಗಿಲವರೆಗೂ ಹೋಗ್ತಾಳೆ. ಒಳಗೆ ಹೋಗಲ್ಲ. ಅಲ್ಲಿಂದಲೇ, ಗೋಡೆ ನೋಡ್ಕೊಂಡು, 'ತಣ್ಣಗಾಗುತ್ತೆ, ಬಾ' ಅಂತಾಳೆ. ಅಷ್ಟೆ."

"ಅಷ್ಟೇನಾ?"

"ಅದಕ್ಕಿಂತ ಜಾಸ್ತಿ ಹೇಳೋಕೆ ಅವಳಿಗೆ ಗಂಟಲು ಬರಲ್ಲ ಕಣೇ." ಅಮ್ಮ ಪೆಟ್ಟಿಗೆ ಎತ್ತಿಕೊಂಡಳು. ಅದು ಆರಿತ್ತು. ಆದರೂ ಅಂಗಿಯ ಮೇಲೆ ಓಡಿಸಿದಳು. "ಸೊಸೆಗೆ ಅರ್ಥ ಆದ್ರೆ ಬರ್ತಾಳೆ. ಆಗದೇ ಇದ್ರೆ ಇವಳು ಇನ್ನೊಂದ್ಸಲ ಬಿಸಿ ಮಾಡ್ತಾಳೆ."

ಸೊಸೆ ನೋಡುವ ರೀತಿ ಕಂಡು ಅಮ್ಮನಿಗೆ ಮುಜುಗರವಾಯಿತು.

"ಏನು ನನ್ನ ಮುಖ ನೋಡ್ತೀಯ? ಬರ್ಕೋ. ಮರೆತ್ರೆ ಮತ್ತೆ ಹೇಳಲ್ಲ."

ಆ ಕಂತು ಬಂದ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿರ್ದೇಶಕ ಮಾತನ್ನು ಬಿಟ್ಟುಕೊಟ್ಟಿದ್ದ, ಗುಡುಗನ್ನು ಬಿಟ್ಟುಕೊಟ್ಟಿರಲಿಲ್ಲ. ಶ್ರೀಮಂತ ಅತ್ತೆ ತಟ್ಟೆ ಹಾಕಿದಳು, ಬಾಗಿಲಿಗೆ ಹೋದಳು, ಗೋಡೆ ನೋಡಿದಳು. "ತಣ್ಣಗಾಗುತ್ತೆ, ಬಾ" ಎಂದಳು. ಕಾವಲುಗಾರ ಕಣ್ಣಿಗೆ ಏನೋ ಬಿತ್ತೆಂದ. ಗಡಿಯಾರದವನ ಭೂತಗನ್ನಡಿ ಒಳಗಿನಿಂದ ಮಂಜಾಯಿತು. ಎಲ್ಲರೂ ಇಸ್ತ್ರಿ ಅಮ್ಮನ ಕಡೆ ತಿರುಗಿದರು, ತೀರ್ಪಿಗೆ.

ಅವಳು ಗಂಟಲು ಸರಿಮಾಡಿಕೊಂಡಳು. ಈ ಸಲ ಸೊಸೆಗೆ ಬೆನ್ನು ಹಾಕದೆ, ಅವಳ ಕಣ್ಣನ್ನೇ ನೋಡುತ್ತ ಶುರುಮಾಡಿದಳು.

"ಮಾತು ಪರವಾಗಿಲ್ಲ. ಆದ್ರೆ ಆ ಸೊಸೆ ಯಾಕೆ ಅಷ್ಟು ಬೇಗ ಎದ್ದು ಬಂದ್ಲು? ಕರೆಯೋದನ್ನೇ ಕಾಯ್ತಿದ್ದ ಹಾಗೆ! ಸ್ವಲ್ಪ ಬಿಗಿಯಾಗಿ ಕೂರ್ಬಾರದಾ? ಬರೆಯೋಳಿಗೆ ಅಷ್ಟು ಗೊತ್ತಾಗ್ಬಾರದಾ?"

ಮಾವ ಗಂಟು ಕಟ್ಟುತ್ತಿದ್ದವನು ಹಾಗೇ ನಿಂತ.

"ಹಸಿವಾಗಿತ್ತು, ಅದಕ್ಕೇ ಬಂದ್ಲು!" ಸೊಸೆಯ ದನಿ ಆ ಕೋಣೆಯಲ್ಲಿ ಎಂದೂ ಏರದಷ್ಟು ಏರಿತು. "ಬೆಳಗ್ಗಿಂದ ಊಟ ಮಾಡದೇ ಕೂತಿರೋಳು ಬಿಗಿಯಾಗಿ ಬೇರೆ ಕೂರ್ಬೇಕಾ? ನೀವೊಂದ್ಸಲ ಕೂತು ನೋಡಿ ಅತ್ತೆ, ಗೊತ್ತಾಗುತ್ತೆ! ಇಲ್ಲಿ ನಿಂತ್ಕೊಂಡು ಬೈಯೋದು ಸುಲಭ. ದಿನಾ ಒಂದು ಕಂತು ಬರೆದು ನೋಡಿ!"

ಅಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆಮೇಲೆ ಮುಖದ ತುಂಬ ನಗು ಹರಡಿತು.

"ಅಬ್ಬಬ್ಬಾ! ಇಷ್ಟು ದಿನ ಈ ಬಾಯಿ ಎಲ್ಲಿಟ್ಟಿದ್ದೆಯೇ?"

"ಅವಳಿಗೆ ಕೊಟ್ಟಿದ್ದೆ" ಎಂದು ಸೊಸೆ ಟಿವಿಯ ಕಡೆ ಕೈ ಮಾಡಿದಳು.

"ವಾಪಸ್ ತಗೋ. ಮನೇಲಿ ಬೇಕಾಗುತ್ತೆ. ಮತ್ತೆ ಆ ಗುಡುಗು ಯಾಕೆ ಹಾಕಿದ್ರಿ ಹೇಳು? ಮನೆಯೊಳಗೆ ಊಟಕ್ಕೆ ಕರೆದ್ರೆ ಆಕಾಶಕ್ಕೇನಾಗಿತ್ತು?"

"ಅದು ನಾನಲ್ಲ, ನಿರ್ದೇಶಕರು!"

"ನೀನು ಬೇಡ ಅನ್ಬೇಕಿತ್ತು."

"ಅಂದೆ!"

"ಹೇಗಂದೆ? ನಿನ್ನ ಹಳೇ ದನಿಯಲ್ಲಿ ಅಂದಿರ್ತೀಯ. ಈಗ ಅಂದ್ಯಲ್ಲ, ಹೀಗೆ ಅನ್ಬೇಕು. ಎಲ್ಲಿ, ನಾನೇ ನಿರ್ದೇಶಕ ಅಂದ್ಕೋ. ಇನ್ನೊಂದ್ಸಲ ಅನ್ನು ನೋಡೋಣ."